ಕಾರ್ಡು ಕೈಗೆ ಬಂತು, ಚಿಕಿತ್ಸೆ ಕೈಗೆ ಬಂತೇ?

(ಕನ್ನಡ ಯುವಜನರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ಇಂಥ ವೇದಿಕೆಗಳಲ್ಲಿ ಸಾಹಿತಿಗಳು, ಪ್ರಾಧ್ಯಾಪಕರು ಮಾತಾಡುವುದು ವಾಡಿಕೆ. ನಾನು ಪಿಯುಸಿ ಓದಿ ಅಚ್ಚುಕೂಟ ಸೇರಿದವನು. ನೀವು ಹಂಚುವ ಕರಪತ್ರ, ಗೋಡೆಗೆ ಅಂಟಿಸುವ ಭಿತ್ತಿಪತ್ರಗಳನ್ನು ಅಚ್ಚು ಹಾಕಿಕೊಡುವವನು. ಇವತ್ತು ನಾನು ಅಂಗಡಿ ಬೋರ್ಡಿನ ಮೇಲಿನ ಕನ್ನಡದ ಬಗ್ಗೆ ಮಾತಾಡಲು ಬಂದಿಲ್ಲ. ನಿಮ್ಮ ಮನೆಯ ಬೀರುವಿನಲ್ಲಿ ಸೀರೆಗಳ ಅಡಿ ಮಲಗಿರುವ ಒಂದು ಕಾರ್ಡಿನ ಬಗ್ಗೆ ಮಾತಾಡಲು ಬಂದಿದ್ದೇನೆ. ಅದೇ ಆರೋಗ್ಯದ ಕಾರ್ಡು.

ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ರಾತ್ರಿ ಎರಡು ಗಂಟೆಗೆ ನಿಮ್ಮ ತಂದೆಗೆ ಎದೆನೋವು ಬಂತು ಅಂದುಕೊಳ್ಳಿ. ಆ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ? ಎಷ್ಟು ರೂಪಾಯಿವರೆಗೆ ನಡೆಯುತ್ತದೆ? ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕೋ, ನೇರವಾಗಿ ದೊಡ್ಡ ಆಸ್ಪತ್ರೆಗೇ ಹೋಗಬಹುದೋ? ಗೊತ್ತಿದ್ದವರು ಕೈ ಎತ್ತಿ. ಇದನ್ನು ಪತ್ರಿಕೆಯಲ್ಲಿ ಓದುತ್ತಿರುವ ನೀವೂ ಒಂದು ಗಳಿಗೆ ನಿಲ್ಲಿಸಿ ನಿಮ್ಮನ್ನೇ ಕೇಳಿಕೊಳ್ಳಿ.

ನೋಡಿ, ಎತ್ತಿದ ಕೈಗಳನ್ನು ಎಣಿಸಲು ಒಂದು ಕೈಬೆರಳೇ ಸಾಕು!

ಮದುವೆ ಕರೆಯೋಲೆ ಅಚ್ಚು ಮಾಡುವಾಗ ನಮ್ಮ ಜನ ಮೂರು ಸಲ ಪ್ರೂಫ್ ನೋಡುತ್ತಾರೆ. ಸೋದರಮಾವನ ಇನಿಷಿಯಲ್ ತಪ್ಪಿದರೆ ಜಗಳಕ್ಕೇ ಬರುತ್ತಾರೆ. ಅದೇ ಜನ ಆಸ್ಪತ್ರೆಯ ಒಪ್ಪಿಗೆ ಪತ್ರದ ಮೇಲೆ, ವಿಮೆಯ ಕಾಗದದ ಮೇಲೆ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಯಾಕೆ? ಅದು ಇಂಗ್ಲಿಷಿನಲ್ಲಿರುತ್ತದೆ. ಇರುವೆ ಸಾಲಿನಂತೆ ಆರು ಪಾಯಿಂಟಿನ ಅಕ್ಷರದಲ್ಲಿರುತ್ತದೆ. ಅಂಥ ಫಾರಂಗಳನ್ನು ನಾನೇ ಸಾವಿರಗಟ್ಟಲೆ ಅಚ್ಚು ಹಾಕಿದ್ದೇನೆ. ಆ ಅಕ್ಷರ ಓದಿಸುವುದಕ್ಕಾಗಿ ಇರುವುದಲ್ಲ ಎಂದು ನನ್ನ ಕಸುಬೇ ನನಗೆ ಹೇಳುತ್ತದೆ.

ಕಾರ್ಡು ಕೊಟ್ಟರೆ ಜನರ ಜೀವ ಉಳಿಯುತ್ತದೆಯೇ? ಇದನ್ನು ಲೆಕ್ಕ ಹಾಕಿ ನೋಡುವ ಒಂದು ವಿದ್ಯೆ ಇದೆ. ಆರೋಗ್ಯ ಅರ್ಥಶಾಸ್ತ್ರ ಅಂತ ಅದರ ಹೆಸರು. ಆ ವಿದ್ಯೆಯವರು ಲೋಕವೆಲ್ಲ ಓದುವ ಎರಡು ಪರೀಕ್ಷೆಗಳನ್ನು ಮಾಡಿದ್ದು ನಮ್ಮ ಕರ್ನಾಟಕದಲ್ಲೇ! ನಮ್ಮ ಹಳ್ಳಿಯ ಜಗುಲಿಗಳ ಮೇಲೆ ಕೂತು, ನಮ್ಮ ಜನರನ್ನು ಕೇಳಿ ಬರೆದುಕೊಂಡ ಲೆಕ್ಕ ಅದು. ಫಲಿತಾಂಶ ಅಚ್ಚಾದದ್ದು ಮಾತ್ರ ಇಂಗ್ಲಿಷಿನಲ್ಲಿ. ನಮ್ಮ ಮೈಯ ಲೆಕ್ಕ ನಮ್ಮ ನುಡಿಯಲ್ಲಿ ನಮಗೇ ಬಂದು ಮುಟ್ಟಲಿಲ್ಲ. ಅದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಗಡಿಯ ಈಚೆ, ಗಡಿಯ ಆಚೆ

೨೦೧೦ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಶುರು ಮಾಡಿತು. ಮೊದಲು ಗುಲ್ಬರ್ಗ ವಿಭಾಗದಲ್ಲಿ, ಅದೇ ವರ್ಷ ಬೆಳಗಾವಿ ವಿಭಾಗದಲ್ಲಿ. ಬೆಂಗಳೂರು, ಮೈಸೂರು ವಿಭಾಗಗಳಿಗೆ ಅದು ಬಂದದ್ದು ೨೦೧೨ರಲ್ಲಿ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ಮಿದುಳು, ಸುಟ್ಟ ಗಾಯ, ದೊಡ್ಡ ಅಪಘಾತ, ಹಸುಗೂಸಿನ ಕಾಯಿಲೆ ಇಂಥವಕ್ಕೆ ಬಡ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಅದೂ ಸಾಲದಿದ್ದರೆ ಇನ್ನು ಐವತ್ತು ಸಾವಿರ. ಶುಲ್ಕ ಇಲ್ಲ, ಹೆಸರು ಬರೆಸುವ ಸಾಲು ಇಲ್ಲ. ಬಿಪಿಎಲ್ ಪಡಿತರ ಚೀಟಿ ಇದ್ದರೆ ಮುಗಿಯಿತು.

ಸಂಶೋಧಕರಿಗೆ ಇದರಲ್ಲಿ ಒಂದು ದಾರಿ ಕಂಡಿತು. ಹಾವೇರಿ, ಬಳ್ಳಾರಿ ಕಡೆಯ ಗಡಿಹಳ್ಳಿಗೆ ಯೋಜನೆ ಬಂದಿದೆ. ಗಡಿ ದಾಟಿದರೆ ಸಿಗುವ ದಾವಣಗೆರೆ, ಚಿತ್ರದುರ್ಗದ ಹಳ್ಳಿಗೆ ಬಂದಿಲ್ಲ. ಎರಡೂ ಕಡೆ ಅದೇ ಮಳೆ, ಅದೇ ಮೆಕ್ಕೆಜೋಳ, ಅದೇ ಮಾತು. ಒಬ್ಬರ ಸಂತೆಗೆ ಇನ್ನೊಬ್ಬರು ಬರುತ್ತಾರೆ, ಹೆಣ್ಣು ಕೊಟ್ಟು ತರುತ್ತಾರೆ. ನಡುವೆ ಇರುವ ವ್ಯತ್ಯಾಸ ಸರ್ಕಾರದ ಒಂದು ಆದೇಶ ಮಾತ್ರ. ಹಾಗಾದರೆ ಎರಡೂ ಕಡೆಯ ಸಾವುನೋವು ಎಣಿಸಿದರೆ ಆ ಆದೇಶದಿಂದ ಏನಾಯಿತು ಅಂತ ಗೊತ್ತಾಗುತ್ತದಲ್ಲ!

ಅಮೆರಿಕದ ನೀರಜ್ ಸೂದ್, ನಮ್ಮ ಬೆಂಗಳೂರಿನ ಐಐಎಂನ ಅರ್ನಬ್ ಮುಖರ್ಜಿ ಮತ್ತು ಅವರ ಜೊತೆಗಾರರು ಈ ಕೆಲಸ ಮಾಡಿದರು. ೫೭೨ ಹಳ್ಳಿಗಳು, ಸುಮಾರು ೬೦ ಸಾವಿರ ಮನೆಗಳು. ೨೦೧೪ರಲ್ಲಿ ಅದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಒಳಗೊಂಡ ಕಾಯಿಲೆಗಳಿಂದ ಸತ್ತವರ ಪ್ರಮಾಣ ಗಡಿಯ ಆಚೆಯ ಬಡವರಲ್ಲಿ ನೂರಕ್ಕೆ ೦.೯೦ ಇತ್ತು. ಯೋಜನೆ ಬಂದ ಕಡೆಯ ಬಡವರಲ್ಲಿ ೦.೩೨. ಅಂದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲಿಗೆ ಇಳಿದಿತ್ತು. ದೊಡ್ಡಾಸ್ಪತ್ರೆಗೆ ಸೇರಿದಾಗ ಜೇಬಿನಿಂದ ಹೋಗುವ ಖರ್ಚೂ ಮೂರರಲ್ಲಿ ಎರಡು ಪಾಲಿನ ಹತ್ತಿರ ಕಡಿಮೆಯಾಗಿತ್ತು.

'ಇದು ಕಾಕತಾಳೀಯ ಇರಬಹುದಲ್ಲ' ಅಂತ ನೀವು ಕೇಳಬಹುದು. ಅವರೂ ಕೇಳಿಕೊಂಡರು. ಅದೇ ಗಡಿಯ ಎರಡೂ ಕಡೆಯ ಎಪಿಎಲ್ ಮನೆಗಳನ್ನು ನೋಡಿದರು. ಅವರಿಗೆ ಈ ಯೋಜನೆ ಇರಲಿಲ್ಲ, ಅವರ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೂ ಇರಲಿಲ್ಲ. ಯೋಜನೆಯೊಳಗೆ ಇಲ್ಲದ ಕಾಯಿಲೆಗಳನ್ನು ನೋಡಿದರು. ಅಲ್ಲೂ ಬಡವರಲ್ಲಿ ವ್ಯತ್ಯಾಸ ಇರಲಿಲ್ಲ. ಯೋಜನೆ ಮುಟ್ಟಿದ ಜನರಲ್ಲಿ, ಯೋಜನೆ ಮುಟ್ಟಿದ ಕಾಯಿಲೆಯಲ್ಲಿ ಮಾತ್ರ ಸಾವು ತಗ್ಗಿತ್ತು. ಲೆಕ್ಕ ತಾಳೆಯಾಯಿತು.

ಚೀಟಿ ಎತ್ತಿದ ಪರೀಕ್ಷೆ

ಈಗ ಎರಡನೆಯದು ಕೇಳಿ. ಇದು ಮೊದಲನೆಯದರ ಉಲ್ಟಾ!

ಗುಲ್ಬರ್ಗ ಮತ್ತು ಮೈಸೂರು ಜಿಲ್ಲೆಗಳಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಅನೂಪ್ ಮಲಾನಿ ಮತ್ತು ಸಂಗಡಿಗರು ಒಂದು ಪ್ರಯೋಗಕ್ಕೆ ಇಳಿದರು. ೨೦೧೩ರಿಂದ ೨೦೧೮ರವರೆಗೆ ನಡೆದ ಕೆಲಸ. ೪೩೫ ಹಳ್ಳಿಗಳು, ೧೦,೮೭೯ ಕುಟುಂಬಗಳು, ೫೨ ಸಾವಿರಕ್ಕೂ ಮೇಲೆ ಜನ. ಕೇಂದ್ರ ಸರ್ಕಾರ ೨೦೦೮ರಲ್ಲಿ ಬಡವರಿಗಾಗಿ ತಂದಿದ್ದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯ ಕಾರ್ಡನ್ನು, ಅಂದರೆ ವರ್ಷಕ್ಕೆ ಕುಟುಂಬಕ್ಕೆ ೩೦ ಸಾವಿರ ರೂಪಾಯಿಯ ಆಸ್ಪತ್ರೆ ವಿಮೆಯನ್ನು, ಬಡತನದ ಗೆರೆಗಿಂತ ಮೇಲಿರುವ ಕುಟುಂಬಗಳಿಗೆ ಕೊಟ್ಟು ನೋಡುವುದು ಅವರ ಉದ್ದೇಶ. ಯಾರಿಗೆ ಕೊಡಬೇಕು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಕೆಲವರಿಗೆ ಪುಕ್ಕಟೆ, ಕೆಲವರಿಗೆ ದುಡ್ಡಿಗೆ, ಕೆಲವರಿಗೆ ಕೈಗೆ ನಗದು ಕೊಟ್ಟು 'ಬೇಕಾದರೆ ಕೊಳ್ಳಿ' ಎಂದರು. ಉಳಿದವರಿಗೆ ಏನೂ ಇಲ್ಲ.

ಚೀಟಿ ಯಾಕೆ? ಜಾಣರು, ರೋಗಿಗಳು, ಅನುಕೂಲಸ್ಥರು ತಾವಾಗಿಯೇ ವಿಮೆ ಕೊಂಡರೆ, ಆಮೇಲೆ ಆದ ಒಳಿತು ವಿಮೆಯಿಂದಲೋ ಅವರ ಜಾಣತನದಿಂದಲೋ ಗೊತ್ತಾಗುವುದಿಲ್ಲ. ಚೀಟಿಗೆ ಮುಖ ನೋಡಿ ಮಣೆ ಹಾಕುವುದು ಗೊತ್ತಿಲ್ಲ.

ಆದದ್ದೇನು? ಪುಕ್ಕಟೆ ಕೊಟ್ಟಾಗ ನೂರಕ್ಕೆ ೭೯ ಕುಟುಂಬ ತೆಗೆದುಕೊಂಡವು. ದುಡ್ಡು ಕೊಟ್ಟು ಕೊಳ್ಳಿ ಎಂದಾಗಲೂ ನೂರಕ್ಕೆ ೬೦ ಕುಟುಂಬ ಕೊಂಡವು! 'ನಮ್ಮ ಜನಕ್ಕೆ ಆರೋಗ್ಯದ ಮೇಲೆ ಕಾಳಜಿ ಇಲ್ಲ, ದುಡ್ಡು ಬಿಚ್ಚುವುದಿಲ್ಲ' ಅನ್ನುವವರ ಬಾಯಿಗೆ ಇದು ಬೀಗ. ಆದರೆ ಮೂರೂವರೆ ವರ್ಷ ಕಳೆದ ಮೇಲೆ ಆರೋಗ್ಯವನ್ನು ಹತ್ತಾರು ಬಗೆಯಲ್ಲಿ ಅಳೆದರೂ ಕಾರ್ಡು ಇದ್ದವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ೨೦೨೧ರ ಕೊನೆಗೆ ಪ್ರಕಟವಾದ ವರದಿಯ ಸಾರ ಇದು.

ಯಾಕೆ ಹೀಗೆ? ಆ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಒಂದಿದೆ. ಕಾರ್ಡು ಹಿಡಿದು ಆಸ್ಪತ್ರೆಗೆ ಹೋದ ಬಹಳ ಜನರಿಗೆ ಅದನ್ನು ಬಳಸಲು ಆಗಲೇ ಇಲ್ಲ. ಕೆಲವರು ಕಾರ್ಡು ಮನೆಯಲ್ಲೇ ಬಿಟ್ಟು ಹೋಗಿದ್ದರು. ಕೆಲವರಿಗೆ ಬಳಸುವುದು ಹೇಗೆಂದು ತಿಳಿದಿರಲಿಲ್ಲ. ಕೆಲವರಿಗೆ ಆಸ್ಪತ್ರೆಯಲ್ಲೇ 'ನಡೆಯಲ್ಲ' ಎಂದರು.

ಇನ್ನೊಂದು ಮಾತು ಅದಕ್ಕಿಂತ ಮುಖ್ಯ. ಒಂದು ಹಳ್ಳಿಯಲ್ಲಿ ಹೆಚ್ಚು ಮನೆಗಳಿಗೆ ಕಾರ್ಡು ಸಿಕ್ಕಿದಾಗ ಅದನ್ನು ಬಳಸುವುದೂ ಹೆಚ್ಚಿತು. ಅಂದರೆ ಒಬ್ಬರನ್ನು ನೋಡಿ ಇನ್ನೊಬ್ಬರು ಕಲಿತರು. ಪಕ್ಕದ ಮನೆಯವರು 'ನಾನು ಹೋಗಿ ಬಂದೆ, ಹೀಗೆ ಮಾಡು' ಎಂದದ್ದು ಫಲ ಕೊಟ್ಟಿತು.

ವ್ಯತ್ಯಾಸ ಎಲ್ಲಿದೆ?

ಒಂದೇ ರಾಜ್ಯ. ಎರಡು ಯೋಜನೆ. ಒಂದರಲ್ಲಿ ಜೀವ ಉಳಿಯಿತು, ಇನ್ನೊಂದರಲ್ಲಿ ಏನೂ ಕಾಣಲಿಲ್ಲ. ಯಾವುದನ್ನು ನಂಬೋಣ?

ಎರಡನ್ನೂ ನಂಬೋಣ. ಎರಡೂ ಒಂದೇ ವಸ್ತುವನ್ನು ಅಳೆದಿಲ್ಲ. ಮೊದಲನೆಯದು ಕಡುಬಡವರಿಗೆ, ಆಪರೇಷನ್ ಆಗದಿದ್ದರೆ ಜೀವವೇ ಹೋಗುವ ಕಾಯಿಲೆಗೆ. ಎರಡನೆಯದು ಸ್ವಲ್ಪ ಅನುಕೂಲವಿದ್ದವರಿಗೆ, ೩೦ ಸಾವಿರದೊಳಗಿನ ಸಣ್ಣ ಚಿಕಿತ್ಸೆಗೆ. ಮೊದಲನೆಯದರಲ್ಲಿ ಚೀಟಿ ಎತ್ತಿರಲಿಲ್ಲ, ಹಾಗಾಗಿ ಎರಡನೆಯದರಷ್ಟು ಬಿಗಿಯಾದ ಪರೀಕ್ಷೆ ಅದಲ್ಲ. ಇಷ್ಟನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಆದರೆ ಇನ್ನೊಂದು ವ್ಯತ್ಯಾಸ ಇದೆ, ಅದನ್ನು ನಿಮ್ಮ ಮನಸ್ಸಿಗೆ ಹಾಕಿಕೊಳ್ಳಿ. ವಾಜಪೇಯಿ ಆರೋಗ್ಯಶ್ರೀಯಲ್ಲಿ ರೋಗಿ ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗುವುದಕ್ಕೆ ಮೊದಲೇ ಆಸ್ಪತ್ರೆ ರೋಗಿಯನ್ನು ಹುಡುಕಿಕೊಂಡು ಬಂತು. ಯೋಜನೆಗೆ ಸೇರಿದ ಆಸ್ಪತ್ರೆಗಳು ಹಳ್ಳಿಗಾಡಿಗೆ ಬಂದು ಶಿಬಿರ ನಡೆಸಬೇಕಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಆರೋಗ್ಯಮಿತ್ರ ಎನ್ನುವ ಮನುಷ್ಯ ಕೂತಿರುತ್ತಿದ್ದ. 'ಬಾರಪ್ಪ, ಈ ಕಾಗದ ಇಲ್ಲಿ ಕೊಡು, ಆ ಡಾಕ್ಟರನ್ನು ನೋಡು' ಅಂತ ನಮ್ಮ ಮಾತಲ್ಲಿ ಹೇಳಲು ಒಬ್ಬ ಇದ್ದ. ಇನ್ನೊಂದರಲ್ಲಿ ಜನರ ಕೈಯಲ್ಲಿ ಚಿಪ್ ಇರುವ ಕಾರ್ಡು ಇತ್ತು. ಅದನ್ನು ಹಿಡಿದು ಎಲ್ಲಿಗೆ, ಹೇಗೆ ಹೋಗಬೇಕು ಅನ್ನುವುದು ಬಹಳ ಜನರಿಗೆ ತಲುಪಿರಲಿಲ್ಲ.

ಹಾಗಾದರೆ ವಿಮೆಯೇ ದಂಡವೇ? ಅಲ್ಲ. ಅಮೆರಿಕದ ಆರೆಗನ್ ರಾಜ್ಯದಲ್ಲಿ ೨೦೦೮ರಲ್ಲಿ ಸರ್ಕಾರಿ ವಿಮೆಗೆ ಸುಮಾರು ೯೦ ಸಾವಿರ ಬಡವರು ಅರ್ಜಿ ಹಾಕಿದರು. ಇದ್ದ ಜಾಗ ಸುಮಾರು ಹತ್ತು ಸಾವಿರ. ಅಲ್ಲೂ ಲಾಟರಿ ಎತ್ತಿದರು. ಎರಡು ವರ್ಷದ ಮೇಲೆ ನೋಡಿದರೆ ರಕ್ತದೊತ್ತಡ, ಕೊಲೆಸ್ಟರಾಲ್ ಗಮನಾರ್ಹವಾಗಿ ಇಳಿದಿರಲಿಲ್ಲ. ಆದರೆ ಮನೆಯನ್ನೇ ಮುಳುಗಿಸುವಂಥ ಆಸ್ಪತ್ರೆ ಬಿಲ್ಲು ಹೆಚ್ಚುಕಡಿಮೆ ಇಲ್ಲವಾಗಿತ್ತು, ಖಿನ್ನತೆಯೂ ತಗ್ಗಿತ್ತು. ವಿಮೆಯ ಮೊದಲ ಕೆಲಸ ಸಾಲದ ಕುಣಿಕೆಯಿಂದ ಕುಟುಂಬವನ್ನು ಉಳಿಸುವುದು. ಅದೇನು ಸಣ್ಣ ಕೆಲಸವೇ?

ಪಟ್ಟಣದ ಕತೆ

'ಇದೆಲ್ಲ ಹಳ್ಳಿಯ ಕತೆ, ನಾವು ಸಿಟಿಯವರು' ಅನ್ನಬೇಡಿ. ನನ್ನ ಪ್ರೆಸ್ಸಿನಲ್ಲಿ ಬೈಂಡಿಂಗ್ ಮಾಡುವ ಹುಡುಗನ ತಾಯಿಗೆ ತುರ್ತಲ್ಲದ ಒಂದು ಆಪರೇಷನ್ ಆಗಬೇಕಿತ್ತು. ಮನೆಯಲ್ಲಿ ಬಿಪಿಎಲ್ ಕಾರ್ಡು ಇದೆ. ಹತ್ತಿರದ ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದ. ಸೇರಿಸಿದ ಮೇಲೆ ಗೊತ್ತಾಯಿತು, ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲೇ ಇಲ್ಲ. ಬಡ್ಡಿಗೆ ಸಾಲ ತಂದು ಬಿಲ್ಲು ಕಟ್ಟಿದ. 'ಕಾರ್ಡು ಇದೆಯಲ್ಲ ಅಂತ ಧೈರ್ಯವಾಗಿದ್ದೆ ಅಣ್ಣಾ. ಎಲ್ಲಿ ನಡೆಯುತ್ತೆ ಅಂತ ಯಾರೂ ಹೇಳಲಿಲ್ಲ' ಅಂದ. ಅವನು ಓದು ಬರಹ ಬಾರದವನಲ್ಲ. ದಿನವಿಡೀ ಅಕ್ಷರಗಳ ನಡುವೆಯೇ ಇರುವವನು. ಅವನಿಗೆ ಬೇಕಾದ ನಾಲ್ಕು ಸಾಲು ಅವನ ಕೈಗೆ ಬಂದಿರಲಿಲ್ಲ, ಅಷ್ಟೆ.

ಆ ನಾಲ್ಕು ಸಾಲು ಇಲ್ಲಿ ಹೇಳುತ್ತೇನೆ. ಬರೆದುಕೊಳ್ಳಿ.

ಒಂದು. ೨೦೧೮ರಲ್ಲಿ ರಾಜ್ಯದ ಹಳೆಯ ಯೋಜನೆಗಳನ್ನೆಲ್ಲ ಸೇರಿಸಿ ಆರೋಗ್ಯ ಕರ್ನಾಟಕ ಮಾಡಿದರು. ಅದೇ ವರ್ಷ ಅದನ್ನು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ. ಎಪಿಎಲ್ ಕುಟುಂಬಕ್ಕೂ ಉಂಟು! ನಿಗದಿಯಾದ ದರದಲ್ಲಿ ನೂರಕ್ಕೆ ೩೦ ಪಾಲು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. 'ನಮಗೇನೂ ಇಲ್ಲ' ಎಂದುಕೊಂಡಿರುವ ಮಧ್ಯಮ ವರ್ಗದ ಎಷ್ಟು ಮನೆಗಳಿಗೆ ಇದು ಗೊತ್ತಿದೆ?

ಎರಡು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಶಿಫಾರಸು ಪತ್ರ ಕೊಡುತ್ತಾರೆ, ಆಮೇಲೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೆ. ತುರ್ತು ಚಿಕಿತ್ಸೆಗಳಿಗೆ ಬೇರೆ ಪಟ್ಟಿಯಿದೆ. ಅವಕ್ಕೆ ಈ ಪತ್ರವಿಲ್ಲದೆ ಯೋಜನೆಯ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಮೂರು. ಕಾರ್ಖಾನೆ, ಅಂಗಡಿ, ಆಫೀಸಿನಲ್ಲಿ ದುಡಿಯುವವರೇ, ನಿಮ್ಮ ಸಂಬಳದ ಚೀಟಿಯಲ್ಲಿ ಇಎಸ್ಐ ಎನ್ನುವ ಸಾಲನ್ನು ಹುಡುಕಿ. ೨೦೧೭ರಲ್ಲಿ ಇದರ ಸಂಬಳದ ಮಿತಿಯನ್ನು ತಿಂಗಳಿಗೆ ೨೧ ಸಾವಿರಕ್ಕೆ ಏರಿಸಿದರು. ೨೦೧೯ರ ಜುಲೈನಲ್ಲಿ ವಂತಿಗೆ ಇಳಿಸಿದರು. ನೂರು ರೂಪಾಯಿ ಸಂಬಳಕ್ಕೆ ಕಾರ್ಮಿಕನದು ೭೫ ಪೈಸೆ, ಮಾಲೀಕನದು ೩ ರೂಪಾಯಿ ೨೫ ಪೈಸೆ. ಮಾಲೀಕನಾಗಿ ಹೇಳುತ್ತಿದ್ದೇನೆ, ಅದು ಮಾಲೀಕ ಕೊಡುವ ಭಿಕ್ಷೆಯಲ್ಲ, ನಿಮ್ಮ ಹಕ್ಕು. ಬರೀ ಆಪರೇಷನ್ ಅಲ್ಲ, ಜ್ವರದ ಮಾತ್ರೆಯೂ ಅದರಲ್ಲಿ ಸೇರಿದೆ. ಹೆಂಡತಿ ಮಕ್ಕಳೂ, ನಿಮ್ಮನ್ನೇ ನಂಬಿದ ತಂದೆ ತಾಯಿಯೂ ಸೇರುತ್ತಾರೆ.

ನಾಲ್ಕು. ಐಟಿಯಲ್ಲಿ, ಬ್ಯಾಂಕಿನಲ್ಲಿ ಇರುವವರು ಖಾಸಗಿ ವಿಮೆ ಕೊಳ್ಳುತ್ತೀರಿ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದ ಪ್ರಕಾರ ೨೦೨೪ರ ಜನವರಿ ೧ರಿಂದ ಪ್ರತಿ ಆರೋಗ್ಯ ವಿಮೆಯ ಜೊತೆ ಸರಳವಾದ ಗ್ರಾಹಕ ಮಾಹಿತಿ ಪತ್ರ ಕೊಡಬೇಕು. ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ, ಎಷ್ಟು ದಿನ ಕಾಯಬೇಕು, ದೂರು ಎಲ್ಲಿ ಕೊಡಬೇಕು, ಎಲ್ಲ ಅದರಲ್ಲಿರಬೇಕು. ಗ್ರಾಹಕ ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು! ಕೇಳಿದರೆ ಮಾತ್ರ. ನಮ್ಮಲ್ಲಿ ಎಷ್ಟು ಜನ 'ಕನ್ನಡದಲ್ಲಿ ಕೊಡಿ' ಎಂದು ಕೇಳಿದ್ದೇವೆ? ಕೇಳದೆ ಇದ್ದರೆ ನಾಳೆ ಕಂಪನಿಯವರು 'ಕನ್ನಡ ಯಾರಿಗೂ ಬೇಡ' ಅನ್ನುತ್ತಾರೆ. ಕೇಳಿ, ಓದಿ. ಹಿಡಿಸದಿದ್ದರೆ ಪಾಲಿಸಿ ಕೈಗೆ ಬಂದ ಮೂವತ್ತು ದಿನದೊಳಗೆ ವಾಪಸು ಕೊಡುವ ಅವಕಾಶವೂ ಇದೆ.

ಸರ್ಕಾರವನ್ನೂ ಕೇಳಬೇಕು

ಜನರಿಗೆ ತಿಳಿವಳಿಕೆ ಕೊಟ್ಟರೆ ಎಲ್ಲ ಸರಿಹೋಯಿತು ಎಂದು ನಾನು ಹೇಳುತ್ತಿಲ್ಲ. ಕೇಂದ್ರ ಸರ್ಕಾರದ್ದೇ ಲೆಕ್ಕ ನೋಡಿ. ೨೦೧೩-೧೪ರಲ್ಲಿ ದೇಶದಲ್ಲಿ ಆರೋಗ್ಯಕ್ಕೆ ಖರ್ಚಾದ ಪ್ರತಿ ನೂರು ರೂಪಾಯಿಯಲ್ಲಿ ೬೪ ರೂಪಾಯಿ ಜನರ ಜೇಬಿನಿಂದ ಹೋಗುತ್ತಿತ್ತು. ೨೦೨೧-೨೨ಕ್ಕೆ ಅದು ೩೯ಕ್ಕೆ ಇಳಿಯಿತು. ಒಳ್ಳೆಯದೇ. ಆದರೂ ನೂರಕ್ಕೆ ೩೯ ಕಡಿಮೆಯಲ್ಲ. ಈ ಹಣದ ದೊಡ್ಡ ಪಾಲು ಹೋಗುವುದು ಔಷಧಿಗೆ ಮತ್ತು ಆಸ್ಪತ್ರೆಗೆ ಸೇರದೆ ಪಡೆಯುವ ಚಿಕಿತ್ಸೆಗೆ. ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ರಕ್ತ ಪರೀಕ್ಷೆ. ೫ ಲಕ್ಷದ ಕಾರ್ಡು ಹಾಸಿಗೆ ಹಿಡಿದ ಮೇಲೆ ನಡೆಯುತ್ತದೆ, ತಿಂಗಳ ಮಾತ್ರೆಗೆ ನಡೆಯುವುದಿಲ್ಲ. ಆ ಮಾತ್ರೆ ಸಿಗಬೇಕಾದದ್ದು ಬೀದಿಯ ತುದಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ.

೨೦೧೭ರ ರಾಷ್ಟ್ರೀಯ ಆರೋಗ್ಯ ನೀತಿ ೨೦೨೫ರ ಹೊತ್ತಿಗೆ ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಸರ್ಕಾರ ಆರೋಗ್ಯಕ್ಕೆ ಖರ್ಚು ಮಾಡಬೇಕು ಎಂದಿತ್ತು. ೨೦೨೧-೨೨ರಲ್ಲಿ ಅದು ಮುಟ್ಟಿದ್ದು ನೂರಕ್ಕೆ ೧.೮೪. ಇದನ್ನು ಕೇಳುವವರು ಯಾರು? ಮತ ಕೇಳಲು ಬಂದವರನ್ನು ನಾವು ರಸ್ತೆ ಕೇಳುತ್ತೇವೆ, ನೀರು ಕೇಳುತ್ತೇವೆ. 'ನಮ್ಮ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಬಿಪಿ ಮಾತ್ರೆ ಎಷ್ಟು ದಿನ ಇತ್ತು, ಎಷ್ಟು ದಿನ ಇರಲಿಲ್ಲ' ಎಂದು ಕೇಳುವುದಿಲ್ಲ. ಇನ್ನು ಮೇಲೆ ಕೇಳಿ.

ಖಾಸಗಿ ಆಸ್ಪತ್ರೆಗಳನ್ನೂ ಕೇಳಿ. ಕರ್ನಾಟಕದಲ್ಲಿ ೨೦೦೭ರಿಂದಲೇ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಇದೆ. ಚಿಕಿತ್ಸೆಯ ದರ ರೋಗಿಗೆ ತಿಳಿಯುವಂತೆ ಪ್ರಕಟಿಸಬೇಕು ಎನ್ನುತ್ತದೆ ಆ ಕಾಯಿದೆ. 'ದರಪಟ್ಟಿ ತೋರಿಸಿ' ಎಂದು ಕೇಳುವುದು ಉದ್ಧಟತನವಲ್ಲ. ಹೋಟೆಲಿನಲ್ಲಿ ಇಡ್ಲಿಯ ಬೆಲೆ ನೋಡಿ ಕೂರುವ ನಾವು ಆಪರೇಷನ್ನಿನ ಬೆಲೆ ಕೇಳಲು ಯಾಕೆ ನಾಚಬೇಕು?

ಈಗ ಮಾಡಬೇಕಾದ್ದು

ಗುಲ್ಬರ್ಗ, ಮೈಸೂರಿನ ಆ ಹಳ್ಳಿಗಳ ಪಾಠ ನೆನಪಿಡಿ. ಒಬ್ಬರಿಗೆ ಗೊತ್ತಿರುವುದು ನಾಲ್ಕು ಮನೆಗೆ ಗೊತ್ತಾದಾಗಲೇ ಕಾರ್ಡು ಕೆಲಸ ಮಾಡಿತು. ನಿಮ್ಮ ಬೀದಿಗೆ ಒಬ್ಬ ಆರೋಗ್ಯಮಿತ್ರ ಬೇಕು. ಸರ್ಕಾರ ಕಳಿಸುತ್ತದೆ ಎಂದು ಕಾಯಬೇಡಿ. ನೀವೇ ಆಗಿ.

ಈ ಭಾನುವಾರ ನಿಮ್ಮ ಮನೆಯ ಬೀರುವಿನಿಂದ ಕಾರ್ಡು ಹೊರಗೆ ತೆಗೆಯಿರಿ. ನಿಮ್ಮ ಮನೆಯಿಂದ ಎರಡು ಮೂರು ಮೈಲಿಯೊಳಗೆ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗಳು ಯಾವುವು ಎಂದು ಸರ್ಕಾರಿ ಆಸ್ಪತ್ರೆಗೆ ಹೋಗಿ ಕೇಳಿ ಬರೆದುಕೊಳ್ಳಿ. ಹೃದಯಕ್ಕೆ ಎಲ್ಲಿ, ಹೆರಿಗೆಗೆ ಎಲ್ಲಿ, ಮೂಳೆ ಮುರಿದರೆ ಎಲ್ಲಿ. ಕಾರ್ಡು ಇರುವ ಜಾಗ ಮನೆಯವರಿಗೆಲ್ಲ ಗೊತ್ತಿರಲಿ, ಮುಖ್ಯವಾಗಿ ಅಮ್ಮನಿಗೆ. ಆಮೇಲೆ ಪಕ್ಕದ ಮನೆಗೆ ಹೋಗಿ. ಆಟೋ ಸ್ಟ್ಯಾಂಡಿಗೆ ಹೋಗಿ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬಸ್ಸು ಇಳಿಯುವ ಕಡೆ ಹೋಗಿ.

ನಿಮ್ಮ ವಾರ್ಡಿನ ಪಟ್ಟಿಯನ್ನು ತಂದು ಕೊಡಿ. ಒಂದೇ ಪುಟ, ಕನ್ನಡದಲ್ಲಿ, ಅಜ್ಜಿಯೂ ಕನ್ನಡಕವಿಲ್ಲದೆ ಓದುವಂಥ ಹದಿನೆಂಟು ಪಾಯಿಂಟಿನ ದಪ್ಪ ಅಕ್ಷರದಲ್ಲಿ ನಾನು ಅಚ್ಚು ಹಾಕಿಕೊಡುತ್ತೇನೆ. ಮೊದಲ ಸಾವಿರ ಪ್ರತಿಗೆ ಕಾಗದವೂ ನನ್ನದೇ. ಮನೆಮನೆಗೆ ಹಂಚುವ ಕಾಲು ನಿಮ್ಮದು. ಪ್ರೂಫ್ ಮಾತ್ರ ಸರ್ಕಾರಿ ಆಸ್ಪತ್ರೆಯವರಿಗೆ ಒಮ್ಮೆ ತೋರಿಸಿ ಸರಿ ನೋಡಿಕೊಂಡು ತನ್ನಿ. ಇದು ಮದುವೆ ಕಾರ್ಡಲ್ಲ, ಇಲ್ಲಿ ಒಂದು ಹೆಸರು ತಪ್ಪಿದರೆ ಒಬ್ಬ ರೋಗಿ ತಪ್ಪು ಬಾಗಿಲು ತಟ್ಟುತ್ತಾನೆ.

ಬರುವ ಸೋಮವಾರದಿಂದ ನನ್ನ ಪ್ರೆಸ್ಸಿನ ಬಾಗಿಲು ತೆರೆದಿರುತ್ತದೆ. ಬನ್ನಿ.